ಗೋಳ ಗುಮಟೆಗೆ ಮೂವತ್ತು ಸೀಟು

ಮೊದಲು ಒಂದು ಒಗಟು. ಆರು ಕಾಲು, ಮೂವತ್ತು ಬಾಯಿ, ಆದರೆ ಕಿವಿ ಒಂದೇ. ಆ ಒಂದು ಕಿವಿಗೂ ಯಾರು ಏನು ಹೇಳಿದರೂ ಬೇರೆಯದೇ ಕೇಳಿಸ್ತದೆ. ಏನದು?

ಬಿಡಿ, ನಿಮಗೆ ಬರೂದಿಲ್ಲ. ನಮ್ಮ ಶಾಲೆಯ ಕನ್ನಡ ಮಾಸ್ತರರಿಗೇ ಬರಲಿಲ್ಲ. ಅವರು ಬಹಳ ಹೊತ್ತು ಯೋಚಿಸಿ "ಸಂಸಾರ" ಅಂದರು, ಪಾಪ.

ಉತ್ತರ: ನಮ್ಮ ಅತ್ತೆಯ ಟೂರಿನ ಬಸ್ಸು. ಚಕ್ರ ಆರು, ಸೀಟು ಮೂವತ್ತು. ಮೂವತ್ತು ಜನರ ಪ್ರಶ್ನೆ ಕೇಳಿಸಿಕೊಂಡು ಟೂರಿನ ಕಂಪನಿಗೆ ಮುಟ್ಟಿಸುವ ಕಿವಿ ನಾನು. ಹತ್ತನೇ ಕ್ಲಾಸನ್ನು ಎರಡು ಸಲ ಬರೆದವ, ಎರಡೂ ಸಲ ಅದು ನನ್ನನ್ನು ಬಿಟ್ಟುಕೊಡಲಿಲ್ಲ. ಆದರೂ ದೇವಬಾಗದ ನಮ್ಮ ಕೇರಿಯಲ್ಲಿ ಮೊಬೈಲಿನಲ್ಲಿ ಕನ್ನಡ ಟೈಪು ಮಾಡೂಕೆ ಬರುವವ ನಾನೊಬ್ಬನೇ. ಹಾಗಾಗಿ ಕಾರ್ಯದರ್ಶಿ ಆದೆ.

ನಮ್ಮ ಕೇರಿಯಲ್ಲಿ ನಗುವಂಥದ್ದು ದಿನಾ ಒಂದಾದರೂ ಆಗ್ತದೆ. ಅರ್ಧ ತನ್ನಿಂದ ತಾನೇ ಆಗ್ತದೆ. ಇನ್ನರ್ಧಕ್ಕೆ ನಾನಿದ್ದೇನೆ.

ಐವತ್ತರ ನೋಟಿನ ರಥ

ಅತ್ತೆ ಎಂದರೆ ಅಪ್ಪನ ಅಕ್ಕ. ಕಾರವಾರದ ಮಾರ್ಕೆಟಿನಲ್ಲಿ ಮೀನು ಮಾರ್ತಾಳೆ. ಐವತ್ತರ ನೋಟಿನ ಹಿಂದೆ ಒಂದು ರಥದ ಚಿತ್ರ ಉಂಟಲ್ಲ, ಅದನ್ನು ಅವಳು ವರ್ಷಗಟ್ಟಲೆ ಒದ್ದೆ ಕೈಯಲ್ಲಿ ಹಿಡಿದವಳು. ಒಂದು ದಿನ ನೋಟಿಗೆ ಅಂಟಿದ ಮೀನಿನ ಚಿಪ್ಪನ್ನು ಉಗುರಿನಲ್ಲಿ ಕೆರೆಯುತ್ತಾ ಕೇಳಿದಳು.

"ಏ ಪೋರಾ, ಈ ರಥ ಯಾವ ಊರಿಂದು?"

"ಹಂಪೆಯದ್ದು ಅತ್ತೆ. ಕಲ್ಲಿನ ರಥ."

"ಕಲ್ಲಿಂದೋ? ಹಾಗಾರೆ ಎಳೆಯೂದು ಯಾರು?"

"ಯಾರೂ ಎಳೆಯೂದಿಲ್ಲ. ನಿಂತಲ್ಲೇ ನಿಂತದೆ. ಜನ ಬಂದು ನೋಡ್ಕಂಡು ಹೋಗ್ತಾರೆ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು, "ಕೆಲ್ಸ ಮಾಡ್ದೆ ನಿಂತವ್ರನ್ನ ನೋಡೂಕೂ ಜನ ಬರ್ತಾರೆ ಅಂದ್ರೆ ನಿಂಗೂ ಒಂದು ಭವಿಷ್ಯ ಅದೆ."

ಅಂದಿನಿಂದ ಅವಳಿಗೆ ಅದೊಂದೇ ಧ್ಯಾನ. ಜೂನ್ ಬಂದು ಬೋಟು ಬಂದ್ ಆಯಿತು. ಎರಡು ತಿಂಗಳು ಮೀನು ಹಿಡಿಯುವ ಹಾಗಿಲ್ಲ, ಊರೆಲ್ಲ ಮನೆಯಲ್ಲೇ. ಯಾರೋ ಒಂದು ಟೂರಿನ ಕಂಪನಿಯ ಚೀಟಿ ತಂದುಕೊಟ್ಟರು. ಅಣಶಿಯ ಕಾಡು, ಬಾದಾಮಿ, ವಿಜಾಪುರ, ಹಂಪೆ, ಕೊನೆಗೆ ಬಂಡೀಪುರದ ಹುಲಿ. ಗೈಡ್ ಸಮೇತ. ಷರತ್ತು ಒಂದೇ: ಮೂವತ್ತು ಜನ ಆಗಬೇಕು. ಇಪ್ಪತ್ತೊಂಬತ್ತಾದರೆ ಬಸ್ಸು ಬರೂದಿಲ್ಲ.

"ಈ ವರ್ಷ ಆಗ್ದೇ ಇದ್ರೆ ಆಗ್ಲೇ ಇಲ್ಲ," ಅಂದಳು ಅತ್ತೆ. "ಡಾಕ್ಟ್ರು ಹೇಳೀದ್ರು, ಮುಂದಿನ ವರ್ಷ ಈ ಮೊಣಕಾಲು ಮೆಟ್ಲು ಹತ್ತೂದಿಲ್ಲ ಅಂತ. ಮದುವೆಗೆ ಹೋಗೀದೆ, ಆಸ್ಪತ್ರೆಗೆ ಹೋಗೀದೆ. ಸುಮ್ನೆ ನೋಡೂಕೆ ಅಂತ ಎಲ್ಲಿಗೂ ಹೋಗ್ಲಿಲ್ಲ. ಮೂವತ್ತು ಮಾಡೂದು ನಿನ್ನ ಕೆಲ್ಸ. ನಿನ್ನ ತಮಾಷೆಯಿಂದ ಒಂದು ತಲೆ ಕಮ್ಮಿ ಆಯ್ತೋ, ಆ ತಲೆ ನಿಂದೇ ಆಗ್ತದೆ."

ಹೀಗೆ ನಾನು ಹೆಸರು ಬರೆಯಲು ಹೊರಟೆ.

ಗೈಡ್ ಇದ್ದೂ ಫೇಲು

ಮೊದಲ ತೊಡಕು ಪಕ್ಕದ ಮನೆಯ ವಹಿನಿಯದ್ದು. ವಹಿನಿ ಅಂದರೆ ಅತ್ತಿಗೆ, ಊರಿಗೆಲ್ಲ ವಹಿನಿ ಅವಳು. ಅವಳು ಹೂಂ ಅಂದರೆ ಅವಳ ಹಿಂದೆ ಹತ್ತು ಹೆಂಗಸರು ಹೂಂ ಅಂತಾರೆ.

ನಾನು ಚೀಟಿ ಓದಿದೆ: "ಪ್ರವಾಸದುದ್ದಕ್ಕೂ ನುರಿತ ಗೈಡ್ ಇರುತ್ತಾರೆ."

ವಹಿನಿ ಕೈ ಅಡ್ಡ ಹಿಡಿದಳು. "ಗೈಡ್ ಬ್ಯಾಡ."

"ಯಾಕೆ ವಹಿನಿ?"

"ನಿನ್ನ ಆಯಿ ನಿಂಗೆ ಗಣಿತದ ಗೈಡ್ ತಂದು ಕೊಟ್ಟಳಲ್ಲ. ಇಷ್ಟು ದಪ್ಪದ್ದು. ಎಂತಾ ಆಯ್ತು?"

"ಫೇಲಾದೆ."

"ಎರಡ್ನೇ ಸಲ?"

"ಹೊಸ ಗೈಡ್ ತಂದ್ರು."

"ಮತ್ತೆ?"

"ಮತ್ತೆ ಫೇಲಾದೆ."

"ಕಂಡ್ಯೋ? ಗೈಡ್ ನಂಬಿದವ್ರು ದಡ ಮುಟ್ಟೂದಿಲ್ಲ."

ಇದು ಬೇರೆ ಗೈಡ್, ಮನುಷ್ಯ, ಪ್ಯಾಂಟು ಹಾಕ್ಕೊಂಡು ಬಸ್ಸಿನಲ್ಲಿ ಮುಂದೆ ನಿಂತು ಮಾತಾಡ್ತಾನೆ ಎಂದು ವಿವರಿಸುವಷ್ಟರಲ್ಲಿ ನನಗೆ ಮೂರನೇ ಸಲ ಪರೀಕ್ಷೆ ಬರೆದಷ್ಟು ದಣಿವಾಯಿತು. ಆಯ್ತು, ಮೊದಲು ಅವನನ್ನು ನೋಡ್ತೆ, ಆಮೇಲೆ ಹೆಸರು ಅಂದಳು.

ಆ ವಾರ ಗೈಡ್ ಮೊದಲ ಮೀಟಿಂಗಿಗೆ ಬಂದ. ಧಾರವಾಡದ ಕಡೆಯ ಹುಡುಗ, ಎಣ್ಣೆ ಹಾಕಿ ಬಾಚಿದ ತಲೆ, ಕುತ್ತಿಗೆಗೆ ಪೀಪಿ. ನಮ್ಮ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಅವನು ಕೈ ಮುಗಿದು, "ನಮಸ್ಕಾರ್ರೀ ಎಲ್ಲಾರ್ಗೂ. ನಾ ನಿಮ್ಮ ಗೈಡ್ ಅದೀನ್ರೀ" ಅಂದ.

ವಹಿನಿ ಅವನ ಸುತ್ತ ಒಂದು ಸುತ್ತು ಬಂದಳು. ಆಮೇಲೆ ಬಹಳ ಗಂಭೀರವಾಗಿ ಕೇಳಿದಳು.

"ನೀ ಎಷ್ಟ್ನೇ ಕ್ಲಾಸಿನ ಗೈಡೋ ತಮ್ಮಾ?"

ಅವನು ಪಾಪ, ಓದು ಎಷ್ಟಾಗಿದೆ ಅಂತ ಕೇಳಿದರು ಅಂದುಕೊಂಡ. "ಬಿ.ಎ. ಫೈನಲ್ ರೀ ಅಕ್ಕಾರ. ಎರಡು ಸಬ್ಜೆಕ್ಟ್ ಉಳದಾವ."

ವಹಿನಿ ನನ್ನ ಕಡೆ ತಿರುಗಿದಳು. "ಬರೀ ನನ್ನ ಹೆಸ್ರು. ಗೈಡೇ ಫೇಲಾದ್ಮೇಲೆ ನಮ್ಗೆಂತ ಹೆದ್ರಿಕೆ."

ಸಫಾರಿ ಕಡ್ಡಾಯ

ಈ ಗೈಡ್ ಬರುವ ಮೊದಲೇ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸಿದ್ದ. ಅದನ್ನು ಈಗಲೂ ಉಳಿಸಿಟ್ಟಿದ್ದೇನೆ. "ಬಂಡೀಪುರಕ್ಕೆ ಸಫಾರಿ ಕಡ್ಡಾಯ. ಸಫಾರಿ ಇಲ್ಲದವರನ್ನು ಕಾಡಿನೊಳಗೆ ಬಿಡುವುದಿಲ್ಲ. ಈಗಲೇ ವ್ಯವಸ್ಥೆ ಮಾಡಿಕೊಳ್ಳಿ."

ನಮ್ಮ ಕೇರಿಯ ತುದಿಯಲ್ಲಿ ಪಂಪಿನ ಮಾಮಾ ಇದ್ದಾನೆ. ಪಂಚಾಯ್ತಿಯ ನೀರಿನ ಪಂಪು ಬಿಡುವ ಕೆಲಸ ಮಾಡಿ ನಿವೃತ್ತನಾದವ. ಎಲ್ಲಾ ನಿಯಮ ಪಾಲಿಸುವ ಮನುಷ್ಯ. ಅವನು ಸಂದೇಶ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಸಫಾರಿ ಅಂದ್ರೆ ಆಫೀಸರ್ ಲೋಕ ಹಾಕ್ತದಲ್ಲ, ಒಂದೇ ಬಟ್ಟೆಯ ಪ್ಯಾಂಟು, ನಾಲ್ಕು ಜೇಬಿನ ಶರ್ಟು, ಅದೇ ಅಲ್ವನೋ?"

ಇಲ್ಲಿ ಒಬ್ಬ ಒಳ್ಳೆ ಹುಡುಗ "ಅಲ್ಲ ಮಾಮಾ, ಜೀಪಿನಲ್ಲಿ ಕಾಡು ಸುತ್ತೂದಕ್ಕೆ ಸಫಾರಿ ಅಂತಾರೆ" ಎಂದು ಹೇಳ್ತಿದ್ದ. ಆ ಹುಡುಗ ಆ ದಿನ ಊರಲ್ಲಿರಲಿಲ್ಲ.

"ಅದೇ ಮಾಮಾ," ಅಂದೆ. "ಮಣ್ಣಿನ ಬಣ್ಣದ್ದೇ ಆಗ್ಬೇಕಂತೆ. ಹುಲಿಗೆ ಬೇರೆ ಬಣ್ಣ ಕಂಡ್ರೆ ಆಗೂದಿಲ್ಲ."

ಮಾಮಾ ಅವತ್ತೇ ಸೇತುವೆ ದಾಟಿ ಕಾರವಾರದ ಟೇಲರನ ಹತ್ತಿರ ಅಳತೆ ಕೊಟ್ಟು ಬಂದ. ಮೀಟಿಂಗಿನ ದಿನ ಹೊಸ ಸಫಾರಿ, ಜೇಬಿಗೆ ಎರಡು ಪೆನ್ನು, ಕಾಲಿಗೆ ಬೂಟು. ವಹಿನಿಯ ಪ್ರಶ್ನೆ ಮುಗಿದ ಮೇಲೆ ಗೈಡ್ ಸಫಾರಿ ಎಂದರೆ ಜೀಪು ಎಂದು ಹೇಳಲು ಬಾಯಿ ತೆರೆಯುವುದನ್ನೇ ಕಾಯುತ್ತಾ ನಾನು ತೆಂಗಿನ ಮರದ ಹಿಂದೆ ಹೋಗಿ ನಿಂತಿದ್ದೆ. ನಗು ತಡೆಯೂಕೆ ಬಾಯಿಗೆ ಟವೆಲು ಬೇರೆ. ಆಗ ಮಾಮಾ ಗೇಟು ತೆಗೆದು ಒಳಗೆ ಬಂದ.

ಗೈಡ್ ಅವನನ್ನು ನೋಡಿದ. ನೋಡಿದವನೇ ಕುರ್ಚಿಯಿಂದ ಎದ್ದ. ಪೀಪಿ ಅಂಗಿಯೊಳಗೆ ಹಾಕಿಕೊಂಡ.

"ನಮಸ್ಕಾರ ಸಾಹೇಬ್ರ! ನೀವು ಬರ್ತೀರಂತ ಗೊತ್ತಿರಲಿಲ್ರೀ. ಪರ್ಮಿಟ್ ಎಲ್ಲಾ ಐತ್ರೀ, ಪರ್ಮಿಟ್ ಎಲ್ಲಾ ಐತ್ರೀ..."

ಮಾಮಾನಿಗೆ ನಲವತ್ತು ವರ್ಷದ ನೌಕರಿಯಲ್ಲಿ ಒಬ್ಬನೂ ಎದ್ದು ನಿಂತಿರಲಿಲ್ಲ. ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, "ಇರ್ಲಿ ಇರ್ಲಿ, ಮುಂದುವರಿಸಿ" ಅಂದ.

ಸಫಾರಿ ಎಂದರೆ ಜೀಪು ಎಂದು ಅವನಿಗೆ ಆಮೇಲೆ ತಿಳಿಯಿತು. ಬೇಜಾರೇನೂ ಮಾಡಿಕೊಳ್ಳಲಿಲ್ಲ. ಈಗ ಹಾಲು ತರೂಕೆ ಹೋಗೂದೂ ಸಫಾರಿಯಲ್ಲೇ.

ಅಣಶಿ

ಇದು ಸಣ್ಣದು. ಮೊದಲ ಸ್ಟಾಪು ಅಣಶಿಯ ರಾಷ್ಟ್ರೀಯ ಉದ್ಯಾನ, ಕಾರವಾರದಿಂದ ಒಂದೂವರೆ ತಾಸು. ಗೈಡ್ ಕಣ್ಣರಳಿಸಿ ವರ್ಣಿಸಿದ: ದಟ್ಟ ಕಾಡು, ಕಾಳಿಂಗ ಸರ್ಪ, ಕರಿ ಚಿರತೆ, ಮನುಷ್ಯರು ಕಾಲಿಡಲು ಹೆದರುವ ಜಾಗ.

ವಹಿನಿ ಎದ್ದು ನಿಂತು ಕೇಳಿದಳು, "ಅಲ್ಲಿ ಬಸ್ಸು ಹತ್ತು ನಿಮಿಷ ನಿಲ್ತದ್ಯೋ? ಅಲ್ಲೇ ನಮ್ಮ ಮಾವಶಿಯ ಮನೆ ಅದೆ, ಅವಳ ಇಡ್ಲಿ ಪಾತ್ರೆ ನಮ್ಮನೇಲೇ ಉಳ್ದದೆ."

ಹುಲಿಗೆ ಬಂಗಡೆ

ಹೆಸರು ಇಪ್ಪತ್ತಾರಕ್ಕೆ ಬಂದು ನಿಂತಿತು. ಹೆಂಗಸರಿಗೆ ಒಂದು ಚಿಂತೆ: ಏಳು ದಿನ, ಬಾದಾಮಿಯಲ್ಲಿ ರೊಟ್ಟಿ, ವಿಜಾಪುರದಲ್ಲಿ ರೊಟ್ಟಿ, ಹಂಪೆಯಲ್ಲಿ ರೊಟ್ಟಿ. ಮೀನೆಲ್ಲಿ? ಹಾಗಾಗಿ ಒಬ್ಬೊಬ್ಬರೂ ಒಣ ಬಂಗಡೆ, ಒಣ ಸಿಗಡಿ ಡಬ್ಬಿ ತುಂಬಿಸಿಕೊಂಡರು. ಸಂಜೆ ಹೊತ್ತಿಗೆ ನಮ್ಮ ಜಗುಲಿ ಬಂದರಿನ ಗೋಡೌನಿನ ಹಾಗೆ ವಾಸನೆ ಬಂತು.

ಕಿಟಕಿ ತೆಗೆಯೂಕಾಗದ ಏಸಿ ಬಸ್ಸು. ಅದರೊಳಗೆ ನಾನೂ ಏಳು ದಿನ ಕೂತಿರಬೇಕು. ನನಗೆ ಬಂಗಡೆ ಊಟದ ತಾಟಿನಲ್ಲಿ ಇಷ್ಟ, ಮೂಗಿನಲ್ಲಿ ಇಷ್ಟವಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಮುಖ ಸಣ್ಣಗೆ ಮಾಡಿಕೊಂಡು ಹೇಳಿದೆ.

"ನೋಡಿ, ಹೆದ್ರಿಸೂಕೆ ಹೇಳ್ತಿಲ್ಲ. ಹುಲಿ ಅಂದ್ರೆ ಬೆಕ್ಕಿನ ಜಾತಿ. ಒಣ ಬಂಗಡೆಯ ವಾಸನೆ ಅದಕ್ಕೆ ಎರಡು ಮೈಲು ದೂರದಿಂದ್ಲೇ ಗೊತ್ತಾಗ್ತದೆ. ನಿಮ್ಮ ಡಬ್ಬಿ ಹುಡುಕಿಕೊಂಡು ಜೀಪಿನ ಹತ್ರವೇ ಬರ್ತದೆ. ಆಮೇಲೆ ನನ್ನ ಮೇಲೆ ಹೇಳ್ಬೇಡಿ."

ಎಲ್ಲರೂ ಡಬ್ಬಿ ಮುಚ್ಚಿದರು. ಒಬ್ಬರ ಮುಖ ಒಬ್ಬರು ನೋಡಿದರು. ಕೆಲಸ ಆಯಿತು ಅಂದುಕೊಂಡೆ.

ವಹಿನಿ ಕೇಳಿದಳು, "ಮೊನ್ನೆ ಆ ಗೈಡ್ ಎಂತ ಹೇಳಿದ? ಹುಲಿ ಕಂಡ್ರೆ ಕಂಡೀತು, ಇಲ್ಲಂದ್ರೆ ಇಲ್ಲ, ಗ್ಯಾರಂಟಿ ಇಲ್ಲ ಅಂದನಲ್ಲ?"

"ಹೌದು."

"ಮತ್ತೆ ನೀ ಹೇಳ್ತೆ, ಬಂಗಡೆ ಇದ್ರೆ ಜೀಪಿನ ಹತ್ರವೇ ಬರ್ತದೆ ಅಂತ?"

"ಹೌ... ಹೌದು."

"ಅಯ್ಯೋ ಪೋಕ್ರಿ, ಮೊದ್ಲೇ ಹೇಳೂಕಾಗೂದಿಲ್ವನೋ!"

ಮರುದಿನ ಹಿಂದಿನ ಓಣಿಯಿಂದ ಮೂವರು ಬಂದು ಹೆಸರು ಕೊಟ್ಟರು. ಹುಲಿ ಗ್ಯಾರಂಟಿಯಂತೆ ಎಂದು ಸುದ್ದಿ ಹಬ್ಬಿತ್ತು. ಇಪ್ಪತ್ತೊಂಬತ್ತು ಆಯಿತು. ಮೂವರೂ ಒಂದೊಂದು ಡಬ್ಬಿ ಹೆಚ್ಚಿಗೆ ತಂದರು, "ಮರಿ ಇದ್ರೆ ಇರ್ಲಿ" ಅಂತ.

ಗೋಳ ಗುಮಟೆ

ಇನ್ನೊಬ್ಬ ಬೇಕು. ಭಾನುವಾರ ಗೈಡ್ ಬಂದು ತಲೆ ಎಣಿಸ್ತಾನೆ. ಶನಿವಾರ ಮಧ್ಯಾಹ್ನವಾದರೂ ಮೂವತ್ತನೇ ತಲೆ ಸಿಗಲಿಲ್ಲ. ಅತ್ತೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಸುಮ್ಮನೆ ಕೂತಿದ್ದಳು. ಅವಳು ಬಯ್ಯದೇ ಇದ್ದರೆ ನನಗೆ ಊಟ ಸೇರೂದಿಲ್ಲ.

ಉಳಿದವನು ಅಜ್ಜ. ಅತ್ತೆಯ ಅಪ್ಪ. ಒಂದು ಕಾಲದಲ್ಲಿ ರಂಪಣಿ ಬಲೆ ಎಳೆದ ಕೈ, ಈಗ ಬೀಡಿ ಮಾತ್ರ ಎಳೆಯುತ್ತದೆ. ಎಲ್ಲಿಗೂ ಬರೂದಿಲ್ಲ ಅಂತ ಮೊದಲ ದಿನವೇ ಹೇಳಿದ್ದ. "ಕಲ್ಲು ನೋಡೂಕೆ ಬಸ್ಸು ಯಾಕೆ? ಸಮುದ್ರದ ಬದಿಗೆ ಬೇಕಾದಷ್ಟು ಬಿದ್ದದೆ."

ಕೊನೆಯ ಪ್ರಯತ್ನ ಅಂತ ಅವನ ಮುಂದೆ ಕೂತು ಊರುಗಳ ಪಟ್ಟಿ ಓದಿದೆ. ಬಾದಾಮಿ ಅಂದೆ, ಬೀಡಿ ಹಚ್ಚಿದ. ಪಟ್ಟದಕಲ್ಲು ಅಂದೆ, ಹೊಗೆ ಬಿಟ್ಟ. ವಿಜಾಪುರ, ಗೋಲಗುಮ್ಮಟ ಅಂದೆ.

ಬೀಡಿ ಅಲ್ಲೇ ನಿಂತಿತು. "ಎಂತಾ ಗುಮಟೆ?"

ಇಲ್ಲಿ ಸ್ವಲ್ಪ ಹೇಳಬೇಕು. ಗುಮಟೆ ಎಂದರೆ ನಮ್ಮ ಕಡೆಯ ವಾದ್ಯ. ಮಣ್ಣಿನ ಮಡಕೆಯಂಥದ್ದು, ಎರಡೂ ಕಡೆ ಬಾಯಿ, ಒಂದು ಬಾಯಿಗೆ ಚರ್ಮ ಬಿಗಿದಿರ್ತಾರೆ. ಹೋಳಿಯ ಹೊತ್ತಿಗೆ ಕೊರಳಿಗೆ ಹಾಕಿಕೊಂಡು ಬಾರಿಸ್ತಾರೆ. ನಮ್ಮ ಅಜ್ಜ ಗುಮಟೆಗೆ ಕೈ ಇಟ್ಟರೆ ಕಾಳಿ ನದಿಯ ಆಚೆ ದಡದಲ್ಲಿ ನಾಯಿ ಎದ್ದು ಕೂರುತ್ತಿತ್ತಂತೆ. ಇದು ಅಜ್ಜನೇ ಹೇಳಿದ್ದು.

ನಾನು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದೆ. ಆಮೇಲೆ ಗಟ್ಟಿಯಾಗಿ ಓದಿದೆ, "ಗೋಳ... ಗುಮಟೆ."

"ಗೋಳ ಅಂದ್ರೆ ಉರುಟಿಂದೋ?"

"ಉರುಟಿಂದೇ."

"ಎಷ್ಟು ದೊಡ್ಡದು?"

"ದೇಶದಲ್ಲೇ ಅಂಥಾದ್ದು ಇಲ್ಲ ಅಂತ ಇಲ್ಲಿ ಬರ್ದದೆ. ಹಿಂದಿನ ಸುಲ್ತಾನ ಮಾಡ್ಸಿದ್ದು. ಅದರ ಒಳಗೆ ಒಂದು ಸಣ್ಣ ಶಬ್ದ ಮಾಡಿದ್ರೆ ಏಳು ಸಲ ಕೇಳ್ತದಂತೆ."

ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಚೀಟಿಯಲ್ಲಿ ಇದ್ದದ್ದನ್ನೇ ಹೇಳಿದೆ. ಬಿಟ್ಟದ್ದು ಒಂದೇ, ಅದು ಕಟ್ಟಡ ಅನ್ನುವುದನ್ನು.

ಅಜ್ಜ ಸೂರಿನ ಕಡೆ ನೋಡಿದ. "ಏಳು ಸಲ," ಅಂದ. "ನಮ್ದು ಒಂದೂವರೆ ಸಲ ಕೇಳ್ತದೆ, ಅದೂ ಬಾಯಿ ಒಣಗಿದ್ರೆ. ಚರ್ಮ ಯಾವುದಂತೆ?"

"ಅದು ಬರೀಲಿಲ್ಲ."

"ಅಷ್ಟು ದೊಡ್ಡ ಬಾಯಿಗೆ ಎಷ್ಟು ಪ್ರಾಣಿ ಬೇಕಾಯ್ತೋ! ಸುಲ್ತಾನರ ಕೆಲ್ಸವೇ ಬೇರೆ. ಬರೀ ನನ್ನ ಹೆಸ್ರು."

ಮೂವತ್ತು! ಅತ್ತೆ ನನಗೆ ಎರಡು ತತ್ತಿ ಹುರಿದು ಕೊಟ್ಟಳು. ಅಜ್ಜ ಆ ಸಂಜೆಯಿಂದಲೇ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿ, ದೊಡ್ಡ ಗುಮಟೆಗೆ ದೊಡ್ಡ ಪೆಟ್ಟು ಬೇಕೆಂದು ಮನೆಯ ಬಾಗಿಲಿನ ಮೇಲೆ ಕೈ ಪಳಗಿಸತೊಡಗಿದ. ಮೂರು ಸಲ ಯಾರೋ ಬಂದರು ಅಂತ ನಾನೇ ಎದ್ದು ಬಾಗಿಲು ತೆಗೆದೆ.

ಯಾವ ಚರ್ಮಾ ರೀ ಅಜ್ಜಾ

ಭಾನುವಾರದ ಕೊನೆಯ ಮೀಟಿಂಗು. ಎಲ್ಲರೂ ಅಂಗಳದಲ್ಲಿ. ಮಾಮಾ ಸಫಾರಿಯಲ್ಲಿ. ಅಜ್ಜ ತನ್ನ ಹಳೆ ಗುಮಟೆಯನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ದೊಡ್ಡದಕ್ಕೆ ತೋರಿಸಬೇಕಂತೆ.

ಗೈಡ್ ತಲೆ ಎಣಿಸಿದ. "ಮೂವತ್ತು! ಬಸ್ಸು ಪಕ್ಕಾ ರೀ!" ಎಲ್ಲರೂ ಚಪ್ಪಾಳೆ ಹೊಡೆದರು. ಅತ್ತೆ ಕಣ್ಣೊರೆಸಿಕೊಂಡಳು.

ಆಮೇಲೆ ಅವನು ಕಾಡಿನ ನಿಯಮ ಓದತೊಡಗಿದ. ಪ್ಲಾಸ್ಟಿಕ್ ಬ್ಯಾಡ. ಗದ್ದಲ ಬ್ಯಾಡ. ಕಾಡುಪ್ರಾಣಿಯ ಚರ್ಮ, ಕೊಂಬು, ಉಗುರು, ಯಾವುದೂ ಹತ್ತಿರ ಇರಬಾರದು. ಓದುತ್ತಾ ಓದುತ್ತಾ ಅವನ ಕಣ್ಣು ಅಜ್ಜನ ತೊಡೆಯ ಮೇಲೆ ಬಿತ್ತು.

"ಅದೇನ್ರೀ ಅಜ್ಜಾ?"

"ಗುಮಟೆ."

"ಅದು ಯಾವ ಚರ್ಮಾ ರೀ ಅಜ್ಜಾ?"

"ಉಡದ್ದು," ಅಂದ ಅಜ್ಜ ಹೆಮ್ಮೆಯಿಂದ. "ನಮ್ಮಪ್ಪನ ಕಾಲದ್ದು. ಈಗ ಇಂಥಾದ್ದು ಸಿಗೂದಿಲ್ಲ."

ಗೈಡಿನ ಮುಖ ತೊಳೆದ ಸುಣ್ಣದ ಗೋಡೆ ಆಯಿತು. "ಸಿಗಂಗಿಲ್ಲ ಅಲ್ರೀ, ಮುಟ್ಟಂಗಿಲ್ಲ! ಇದನ್ನ ತಗೊಂಡು ಬಂಡೀಪುರದ ಗೇಟಿಗೆ ಹೋದ್ರ ಹುಲಿ ನೋಡೂದು ಆಮೇಲಿಂದು, ನಮ್ಮನ್ನ ನೋಡಾಕ ಜನ ಬರ್ತಾರ!"

ಅಜ್ಜ ತಣ್ಣಗೆ ಕೇಳಿದ, "ಹಾಗಾರೆ ವಿಜಾಪುರದ ದೊಡ್ಡದು ಯಾವ ಚರ್ಮದ್ದು? ಆ ಸುಲ್ತಾನನ್ನ ಯಾರೂ ಹಿಡೀಲಿಲ್ವನೋ?"

"ಯಾವ ದೊಡ್ಡದು ರೀ?"

"ಗೋಳ ಗುಮಟೆ."

ನಾನು ತೆಂಗಿನ ಮರದ ಕಡೆ ಹೊರಟೆ. ವಹಿನಿ ನನ್ನ ಕಾಲರು ಹಿಡಿದಳು.

ಗೈಡ್ ಮೊಬೈಲಿನಲ್ಲಿ ಚಿತ್ರ ತೆಗೆದು ಅಜ್ಜನ ಕೈಗೆ ಕೊಟ್ಟ. ಅಜ್ಜ ಅದನ್ನು ಹತ್ತಿರ ಹಿಡಿದ, ದೂರ ಹಿಡಿದ, ತಿರುಗಿಸಿ ಹಿಡಿದ.

"ಇದು ಮನೆ," ಅಂದ.

"ಗೋರಿ ರೀ ಅಜ್ಜಾ."

ಅಜ್ಜ ಮೊಬೈಲು ವಾಪಸು ಕೊಟ್ಟ. ಗುಮಟೆಯನ್ನು ಮತ್ತೆ ಪಂಚೆಯಲ್ಲಿ ಸುತ್ತಿದ. "ನನ್ನ ಹೆಸ್ರು ಹೊಡಿ," ಅಂದ. ಯಾರನ್ನೂ ಬಯ್ಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಇಪ್ಪತ್ತೊಂಬತ್ತು. ಅತ್ತೆ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ನೆಲ ನೋಡಿದಳು. ನನ್ನ ಜೀವಮಾನದಲ್ಲಿ ನನ್ನದೇ ತಮಾಷೆಗೆ ನನಗೆ ನಗು ಬಾರದಿದ್ದದ್ದು ಅದೊಂದೇ ಸಲ.

"ಗೈಡ್ ಅಣ್ಣಾ," ಅಂದೆ. "ಏಳು ಸಲ ಕೇಳೂದು ಮಾತ್ರ ಖರೆ ಅಲ್ವಾ?"

"ಅದು ಖರೇನ ರೀ. ಮೇಲೆ ಹತ್ತಿ ಪಿಸುಮಾತು ಆಡಿದ್ರೂ ಏಳು ಸಲ ವಾಪಸ್ ಬರ್ತೈತಿ."

ಹೊರಡಲು ಎದ್ದಿದ್ದ ಅಜ್ಜ ಅಲ್ಲೇ ನಿಂತ. "ಎಂತಾ ಮಾತಾಡಿದ್ರೂ?"

"ಏನಾದ್ರೂ ರೀ. ಚಪ್ಪಾಳೆ, ಕೆಮ್ಮು, ಸೀನು..."

"ಗುಮಟೆ?"

ಗೈಡ್ ತಲೆ ಕೆರೆದುಕೊಂಡ. "ಅದನ್ನ ಯಾರೂ ಬಾರಿಸಿ ನೋಡಿಲ್ರೀ. ವಾದ್ಯ ಬಾರಸಾಕ ಬಿಡಂಗಿಲ್ಲ ಅನಸ್ತೈತಿ..."

"ನಾ ಎಲ್ಲಿ ಬಾರಿಸ್ತೆ?" ಅಂದ ಅಜ್ಜ. "ಒಂದೇ ಪೆಟ್ಟು. ಮುಂದಿನ ಆರಕ್ಕೆ ಆ ಮನೆಯದ್ದೇ ಜವಾಬ್ದಾರಿ."

ಗೈಡ್ ನಕ್ಕುಬಿಟ್ಟ. ಆದರೆ ಉಡದ್ದು ಬರುವ ಹಾಗಿಲ್ಲ, ಬೇಕಾದರೆ ಆಡಿನ ಚರ್ಮದ್ದು ತನ್ನಿ ಅಂದ. ಅಜ್ಜ ಒಂದೇ ಮಾತು ಹೇಳಿದ, "ಬುಧವಾರದೊಳಗೆ ಒಳ್ಳೇ ಗುಮಟೆ ಬಂದ್ರೆ ನಾ ಮೂವತ್ತನೆಯವ. ಇಲ್ಲಾ ಅಂದ್ರೆ ಇಲ್ಲ." ಅತ್ತೆ ನನ್ನ ಕಡೆ ನೋಡಿದಳು. ಅವಳಿಗೆ ಬಯ್ಯಲು ಮತ್ತೆ ಬಾಯಿ ಬಂದಿತ್ತು, ಅಷ್ಟು ಚಂದ ಅವಳು ನನ್ನನ್ನು ಯಾವತ್ತೂ ಬಯ್ದಿರಲಿಲ್ಲ.

ಇಬ್ಬರಲ್ಲಿ ಯಾರಿಗೆ ಮೊದಲು

ಸೋಮವಾರ ಬೆಳಿಗ್ಗೆ ನಾನೂ ಅಜ್ಜನೂ ಬಸ್ಸು ಹತ್ತಿ ಹಟ್ಟಿಕೇರಿಗೆ ಹೋದೆವು. ಅಲ್ಲೊಬ್ಬ ಕುಂಬಾರ ಗುಮಟೆ ಮಾಡ್ತಾನೆ. ಮಡಕೆ ಚಂದ ಇತ್ತು. ಅವನು ಆಡಿನ ಚರ್ಮ ನೆನೆಸಿ ಬಿಗಿದು ಕೊಟ್ಟ. ಅಜ್ಜ ಬೆರಳಲ್ಲಿ ತಟ್ಟಿ ಮುಖ ಕಿವುಚಿದ.

"ಮೇ ಅಂತದೆ."

"ಹಸಿ ಅದೆ ಅಜ್ಜಾ," ಅಂದ ಕುಂಬಾರ. "ಒಣಗಿದ್ರೆ ಸ್ವರ ಬರ್ತದೆ. ಎರಡು ಬಿಸಿಲು ತೋರಿಸು."

ಜೂನ್ ತಿಂಗಳಲ್ಲಿ ಕಾರವಾರದಲ್ಲಿ ಎರಡು ಬಿಸಿಲು! ಅಷ್ಟು ಬಿಸಿಲಿದ್ದರೆ ನಮ್ಮ ಅಂಗಿಗೆ ಮೊದಲು ತೋರಿಸ್ತಿದ್ದೆವು. ಮಂಗಳವಾರ ಒಲೆಯ ಹತ್ತಿರ ಇಟ್ಟೆವು, ಹೊಗೆಗೆ ಅದು ಕೆಮ್ಮುವ ಸ್ವರ ತೆಗೆಯಿತು. ಮಾಮಾನ ಇಸ್ತ್ರಿ ಪೆಟ್ಟಿಗೆ ತಂದೆವು, ಆಡಿನ ವಾಸನೆ ಸಫಾರಿಗೆ ಹತ್ತಿತು. ಬುಧವಾರ ಮಧ್ಯಾಹ್ನವಾಯಿತು, ಅಜ್ಜ ತಟ್ಟಿದ, ಅದು ಮೇ ಅಂದಿತು. ಅತ್ತೆ ಮನೆಯೊಳಗೆ ಕೂತು ಬ್ಯಾಗಿನಿಂದ ಸೀರೆ ಹೊರಗೆ ತೆಗೆಯುವ ಸದ್ದು ಕೇಳಿತು.

ಆಗ ನನ್ನ ತಲೆಗೆ ಹೊಳೆಯಿತು. ಅಜ್ಜನನ್ನೂ ಗುಮಟೆಯನ್ನೂ ಎಳೆದುಕೊಂಡು ಕಾರವಾರದ ಹಬ್ಬುವಾಡಕ್ಕೆ ಓಡಿದೆ. ಅಲ್ಲೊಂದು ಹೆಂಗಸರ ಬ್ಯೂಟಿ ಪಾರ್ಲರ್ ಇದೆ. ಒಳಗೆ ನುಗ್ಗಿದರೆ ಮುಖಕ್ಕೆ ಬಿಳಿ ಹಚ್ಚಿಕೊಂಡ ಇಬ್ಬರು ಹೆಂಗಸರು ಕಿರುಚಿದರು, ಅಜ್ಜನೂ ಕಿರುಚಿದ.

"ಅಕ್ಕಾ," ಅಂದೆ ಏದುಸಿರು ಬಿಡುತ್ತಾ, "ಆ ಬಿಸಿ ಗಾಳಿ ಬಿಡೂ ಮಶೀನು ಒಂದು ಅರ್ಧ ತಾಸು ಬೇಕು. ಸಂಜೆಯೊಳಗೆ ಒಣಗ್ಲೇಬೇಕು. ಅತ್ತೆಯ ಜೀವನದ ಪ್ರಶ್ನೆ."

ಪಾರ್ಲರಿನ ಅಕ್ಕ ಮಶೀನು ಕೈಯಲ್ಲಿ ಹಿಡಿದು ಅಜ್ಜನನ್ನೂ ಗುಮಟೆಯನ್ನೂ ನೋಡಿದಳು. ಒಂದು ಕಡೆ ಅಜ್ಜನ ನುಣ್ಣನೆ ಬೋಳು ತಲೆ. ಅವನ ಕಂಕುಳಲ್ಲಿ ನುಣ್ಣನೆ ಚರ್ಮ ಬಿಗಿದ ಗುಮಟೆ. ಎರಡೂ ಒಂದೇ ಬಣ್ಣ, ಒಂದೇ ಹೊಳಪು.

ಅವಳು ಬಹಳ ವಿನಯದಿಂದ ಕೇಳಿದಳು, "ಇಬ್ಬರಲ್ಲಿ ಯಾರಿಗೆ ಮೊದ್ಲು?"

ಅರ್ಧ ತಾಸಲ್ಲ, ಮುಕ್ಕಾಲು ತಾಸು ಹಿಡಿಯಿತು. ಮುಗಿದ ಮೇಲೆ ಅಜ್ಜ ಕನ್ನಡಿಯ ಮುಂದೆ ನಿಂತು ಒಂದು ಪೆಟ್ಟು ಹಾಕಿದ. ಬಾಟಲಿಗಳೆಲ್ಲ ಗಲಗಲ ಅಂದವು. ಮುಖಕ್ಕೆ ಬಿಳಿ ಹಚ್ಚಿಕೊಂಡಿದ್ದ ಹೆಂಗಸೊಬ್ಬಳ ಬಿಳಿ ಬಿರುಕು ಬಿಟ್ಟಿತು. ಅಜ್ಜನ ಮುಖದಲ್ಲಿ ಹಲ್ಲಿಲ್ಲದ ಒಂದು ನಗು ಬಂತು.

"ಫೋನು ಮಾಡು ಆ ಗೈಡಿಗೆ," ಅಂದ. "ಮೂವತ್ತು ಅಂತ ಹೇಳು."

ಮನೆಗೆ ಬಂದಾಗ ಅತ್ತೆ ಕೇಳಲೇ ಇಲ್ಲ. ನಮ್ಮ ಮುಖ ನೋಡಿದಳು, ಸೀರೆಗಳನ್ನು ವಾಪಸು ಬ್ಯಾಗಿಗೆ ತುಂಬಿದಳು.

ಏಳು ಸಲ

ಇನ್ನು ವಿಜಾಪುರದ್ದು. ಗುಮ್ಮಟದ ಮೆಟ್ಟಿಲು ಹತ್ತುವಾಗ ಅಜ್ಜನೇ ಎಲ್ಲರಿಗಿಂತ ಮುಂದೆ. ಗುಮಟೆ ಪಂಚೆಯೊಳಗೆ. ಅತ್ತೆ ಹತ್ತತ್ತು ಮೆಟ್ಟಿಲಿಗೆ ಒಮ್ಮೆ ನಿಂತು ಮೊಣಕಾಲಿಗೆ ಸಮಾಧಾನ ಹೇಳುತ್ತಾ ಹತ್ತಿದಳು. ಮೇಲೆ ಹೋಗಿ ಎಲ್ಲರೂ ಸುತ್ತ ನಿಂತೆವು. ಅಜ್ಜ ಕಣ್ಣು ಮುಚ್ಚಿ ಒಂದೇ ಒಂದು ಪೆಟ್ಟು ಹೊಡೆದ.

ಧುಂ. ಧುಂ. ಧುಂ. ಎಣಿಸಿದೆವು, ಏಳು.

ಕೆಳಗಿನಿಂದ ಕಾವಲುಗಾರ ಓಡಿ ಬಂದು, "ಯಾರ್ರೀ ಅದು?" ಅಂತ ಕೂಗಿದ. ಅದೂ ಏಳು ಸಲ ಕೇಳಿತು. ಅಜ್ಜ "ನಾನು" ಅಂದ. ಏಳು ಅಜ್ಜಂದಿರು "ನಾನು, ನಾನು" ಅಂದರು. ಕಾವಲುಗಾರ ಗಾಬರಿಯಾಗಿ, "ಒಟ್ಟ ಎಷ್ಟ್ ಮಂದಿ ಅದೀರಿ?" ಅಂತ ಕೇಳಿದ. "ಮೂವತ್ತು" ಅಂದಳು ಅತ್ತೆ. ಪಾಪ ಅವನು ಏಳು ಸಲ ಮೂವತ್ತು ಕೇಳಿಸಿಕೊಂಡು, ಇನ್ನೂರಾ ಹತ್ತು ಜನರ ಮೇಲೆ ಕೇಸು ಬರೆಯುವಷ್ಟು ಕಾಗದ ನನ್ನ ಹತ್ರ ಇಲ್ಲ ಅಂತ ಟೊಪ್ಪಿ ತೆಗೆದು ಕೂತು, ಇನ್ನೊಂದು ಪೆಟ್ಟು ಹಾಕಜ್ಜಾ ಅಂದ.

ಚಂದ ಉಂಟಲ್ಲ? ಆದರೆ ಖರೆ ಹೇಳಿಬಿಡ್ತೇನೆ: ಈ ವಿಜಾಪುರದ್ದೆಲ್ಲ ನಾನು ಕಟ್ಟಿದ್ದು. ನಾವಿನ್ನೂ ದೇವಬಾಗ ಬಿಟ್ಟೇ ಇಲ್ಲ. ಇವತ್ತು ಗುರುವಾರ, ಬಸ್ಸು ನಾಳೆ ಬೆಳಿಗ್ಗೆ. ಬ್ಯಾಗುಗಳೆಲ್ಲ ಜಗುಲಿಯ ಮೇಲಿವೆ, ಬೆಕ್ಕುಗಳೆಲ್ಲ ಬ್ಯಾಗುಗಳ ಮೇಲಿವೆ. ನನಗೆ ತಡೆಯೂಕಾಗದೆ ಕೊನೆಯನ್ನು ಮೊದಲೇ ಬರೆದುಬಿಟ್ಟೆ.

ಈಗಷ್ಟೇ ಅಜ್ಜನ ಮುಂದೆ ಕೂತು ಇದನ್ನು ಗಟ್ಟಿಯಾಗಿ ಓದಿದೆ. ಬೀಡಿ ಎಳೆಯುತ್ತಾ ಪೂರ್ತಿ ಕೇಳಿದ. ಕಾವಲುಗಾರ ಬಂದಾಗ ನಗಲಿಲ್ಲ, ಇನ್ನೂರಾ ಹತ್ತು ಅಂದಾಗಲೂ ನಗಲಿಲ್ಲ. ಕೊನೆಗೆ ತಲೆ ಅಲ್ಲಾಡಿಸಿದ.

"ಸುಳ್ಳು," ಅಂದ. "ನಾ ಅಷ್ಟು ಮೆಲ್ಲಗೆ ಹೊಡೆಯೂದಿಲ್ಲ."